ಮೀನಿಲ್ಲದ ಬುಟ್ಟಿ

“ಇವತ್ತು ಎಂತ ಮೀನು, ಮಾಸ್ತಮ್ಮ?”

ಹೊನ್ನಾವರದ ಆಸ್ಪತ್ರೆಯಲ್ಲಿ, ಮನೋವೈದ್ಯರ ಕೋಣೆಯೆದುರು ಆ ದನಿ ಕೇಳಿ ಮಾಸ್ತಮ್ಮನ ಜೀವ ಬಾಯಿಗೆ ಬಂತು. ಬೆಂಚಿನಲ್ಲಿ ಕೂತಿದ್ದವರು ಭಟ್ಕಳದಲ್ಲಿ ದಿನಾ ಅವಳಿಂದ ಮೀನು ಕೊಳ್ಳುವ ಜುಲೇಖಾ ಬೀಬಿ. ತಿಂಗಳಿಂದ ಮಂಕಾಗಿದ್ದ ಮಗಳನ್ನು ಇಲ್ಲಿಗೆ ಕರೆತಂದದ್ದು ಊರಿಗೆ ತಿಳಿಯಬಾರದೆಂದೇ ಅವಳು ಮೀನು ಮಾರಲು ಹೊರಟವಳಂತೆ ಬುಟ್ಟಿ ಹೊತ್ತು ಬಸ್ಸು ಹತ್ತಿದ್ದಳು.

“ಎಲ್ಲ ಖರ್ಚಾತು, ಬೀಬಿ.”

ಬೀಬಿ ಬಗ್ಗಿ ನೋಡಿದರು. ಬುಟ್ಟಿಯಲ್ಲಿ ಮೀನಿನ ನೀರಿನ ಪಸೆಯೂ ಇರಲಿಲ್ಲ. ಅವರು ನಕ್ಕು, ತಮ್ಮ ಮಡಿಲಲ್ಲಿದ್ದ ಟಿಫಿನ್ ಕ್ಯಾರಿಯರ್ ತೆರೆದು ತೋರಿಸಿದರು. ಅದೂ ಖಾಲಿ.

“ಆಸ್ಪತ್ರೆಲಿರೋ ನೆಂಟರಿಗೆ ಊಟ ಅಂತ ಹೇಳಿ ಬರೂದು ನಾನು. ಮಗ ಒಳಗಿದ್ದಾನೆ. ಈಗೀಗ ರಾತ್ರಿ ನಿದ್ದೆ ಮಾಡ್ತಾನೆ, ನಗ್ತಾನೆ.”

ಮಾಸ್ತಮ್ಮ ಬುಟ್ಟಿಯನ್ನು ಬೆಂಚಿನಡಿ ತಳ್ಳಿ, ಮಗಳೊಡನೆ ಬೀಬಿಯ ಪಕ್ಕ ಕೂತಳು. ನರ್ಸ್ “ಅಕ್ಷತಾ ಯಾರು?” ಎಂದಾಗ, ಕೇರಿಗೆಲ್ಲ ಕೇಳುವಂತೆ ಮೀನು ಕೂಗುವ ದನಿಯಲ್ಲೇ ಹೇಳಿದಳು:

“ನನ್ನ ಮಗಳು!”