ಮೂರನೆಯ ಪೋಸ್ಟರ್

ಶೆಟ್ಟೆಪ್ಪ ನಾಲ್ಕು ದಿನ ಕೂತು ಬರೆದ ಪೋಸ್ಟರಿಗೆ ಯಾರೋ ಕುಂಕುಮ ಹಚ್ಚಿದ್ದರು. ಕೆಳಗೆ ಎರಡು ಊದಿನಕಡ್ಡಿ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಬಿದಿರಿನ ಅಟ್ಟಣಿಗೆಯಿಂದ ಕೂಲಿಯವನೊಬ್ಬ ಕೈಕಾಲು ಚಾಚಿ ಕೆಳಗೆ ಬೀಳುತ್ತಿರುವ ಚಿತ್ರ ಅದು. ಸೊಂಟಕ್ಕೆ ಹಗ್ಗ ಕಟ್ಟದೆ ಮೇಲೇರಿದರೆ ಹೀಗಾಗುತ್ತದೆ ಎಂದು ಅಂಧೇರಿಯ ಆ ಎಂಟು ಮಾಳಿಗೆಯ ಬಿಲ್ಡಿಂಗಿನಲ್ಲಿ ದುಡಿಯುವವರಿಗೆ ತಿಳಿಯಬೇಕಿತ್ತು.

“ಭಾಳ ಚಂದ ತಗದೀಯಪಾ ಹನಮಪ್ಪನ್ನ,” ಎಂದ ಗೌಂಡಿ ಸಾಯಬಣ್ಣ, ಮುಗಿದ ಕೈ ಬಿಡದೆ. “ಹೆಂಗ ಹಾರಾಕತ್ತಾನ ನೋಡು! ಇನ್ನ ನಮಗ ಎಲ್ಲೀ ಅಂಜಿಕಿ?”

“ಕಾಕಾ, ಅಂವ ಹಾರಾಕತ್ತಿಲ್ಲ, ಬೀಳಾಕತ್ತಾನ.”

“ಏ, ಹಂಗ ಅನಬ್ಯಾಡ. ಪಾಪ ಬರತೈತಿ.”

ಶೆಟ್ಟೆಪ್ಪನ ಅಂಗೈಗೆ ಕೊಬ್ಬರಿ ಚೂರೊಂದನ್ನಿಟ್ಟು ಸಾಯಬಣ್ಣ ಸರಸರನೆ ಮೇಲೇರಿದ. ಅವನ ಹಿಂದೆಯೇ ಶೆಟ್ಟೆಪ್ಪನ ಅಪ್ಪ ಬಂಡೆಪ್ಪನೂ ಏರಿದ. ಇಬ್ಬರ ಸೊಂಟದಲ್ಲೂ ಹಗ್ಗವಿಲ್ಲ. ಕಂಟ್ರಾಕ್ಟರು ತರಿಸಿದ ಹೊಸ ಹಗ್ಗಗಳು ಮೊಳೆಗಳಲ್ಲಿ ನೇತಾಡುತ್ತ ಧೂಳು ತಿನ್ನುತ್ತಿದ್ದವು. ಎಮ್ಮೆಗೆ ಕಟ್ಟುವುದನ್ನು ಗಂಡಸು ಕಟ್ಟಿಕೊಳ್ಳುತ್ತಾನೆಯೇ ಎಂಬುದು ಅಲ್ಲಿ ಎಲ್ಲರ ವಾದ.

ಎಪ್ಪತ್ತಮೂರರ ಬೇಸಿಗೆ. ಬಾಂದ್ರಾದ ಆರ್ಟ್ ಕಾಲೇಜಿನಲ್ಲಿ ಶೆಟ್ಟೆಪ್ಪನಿಗೆ ಅದು ಕೊನೆಯ ಪರೀಕ್ಷೆ. ವಾರಿಜಾ ಮೇಡಂ ಹಾಕಿದ ಷರತ್ತು ಎರಡೇ. ಪೋಸ್ಟರಿನಲ್ಲಿ ಒಂದಕ್ಷರವೂ ಇರಕೂಡದು, ನೋಡುವವರಿಗೆ ಓದು ಬಾರದು. ಅದನ್ನು ನೋಡಿ ಒಬ್ಬನಾದರೂ ಹಗ್ಗ ಕಟ್ಟಬೇಕು. ಅವಕಾಶ ಮೂರು ಸಲ. ಮೊದಲ ಸಲ ತಲೆಬುರುಡೆ ಬರೆದಿದ್ದ. ಹಲ್ಲು ಕಿರಿಯುವ ಈ ಮಾರಾಯ ಯಾರೆಂದು ಜನ ತಾವೂ ಹಲ್ಲು ಕಿರಿದರು. ಎರಡನೆಯದು ಹೀಗೆ ದೇವರಾಯಿತು. ಮೂರನೆಯದೂ ಕೆಟ್ಟರೆ ಫೇಲು. ಫೇಲಾದರೆ ನನ್ನ ಜೊತೆ ಬುಟ್ಟಿ ಹೊರಲು ಬಾ ಎಂದು ಅಪ್ಪ ಹೇಳಿಯಾಗಿತ್ತು. ಆದರೆ ಶೆಟ್ಟೆಪ್ಪನಿಗೆ ಬುಟ್ಟಿಯ ಭಯ ಅಷ್ಟಿರಲಿಲ್ಲ. ಐದನೆಯ ಮಾಳಿಗೆಯಲ್ಲಿ ಒಂಟಿ ಬಿದಿರಿನ ಮೇಲೆ ನಿಂತು ಆರಾಮಾಗಿ ಬೀಡಿ ಹೊತ್ತಿಸುವ ಅಪ್ಪನನ್ನು ಕಂಡಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ತೆಂಗಿನಕಾಯಿಯ ಸುದ್ದಿ ಕೇಳಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಡುಪಿ ಕಡೆಯವರು, ನಗುವುದೂ ಬೈಯುವುದೂ ಒಂದೇ ಉಸಿರಿನಲ್ಲಿ.

“ಎಂಥ ಮಾರಾಯ ನೀನು! ಬೀಳುವುದನ್ನೂ ನೀನೇ ತೋರಿಸಿದರೆ ಅವರಿಗೆ ಯೋಚಿಸಲಿಕ್ಕೆ ಎಂಥ ಉಳಿಯಿತು? ಚಿತ್ರದಲ್ಲಿ ದೊಡ್ಡ ಸಂಗತಿಯನ್ನು ತೋರಿಸದೆ ಬಿಡಬೇಕು. ಅದನ್ನು ಅವರೇ ಹುಡುಕಲಿ.”

“ಏನ್ ಬಿಡ್ಲಿ ಮೇಡಂ?”

“ಮನುಷ್ಯನನ್ನೇ ಬಿಡು. ಹತ್ತುವ ಮೊದಲು, ಇಳಿದ ಮೇಲೆ ಅವರು ಎಂಥ ಮಾಡ್ತಾರೆ, ಹೋಗಿ ನೋಡು.”

ಶೆಟ್ಟೆಪ್ಪ ಒಂದು ಇಡೀ ದಿನ ಮರಳಿನ ಗುಡ್ಡೆಯ ಮೇಲೆ ಕೂತು ನೋಡಿದ. ಬಿದಿರಿನ ಮೇಲೆ ಬರಿಗಾಲಿಗೇ ಹಿಡಿತ. ಹಾಗಾಗಿ ಬೆಳಿಗ್ಗೆ ಎಲ್ಲರೂ ಅಟ್ಟಣಿಗೆಯ ಬುಡದಲ್ಲಿ ಸಾಲಾಗಿ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಸಂಜೆ ಇಳಿದವರು ತಮ್ಮ ತಮ್ಮದನ್ನು ಮೆಟ್ಟಿ ಹೋದಂತೆ ಸಾಲು ಕರಗುತ್ತಿತ್ತು. ಚಿಕ್ಕಂದಿನಿಂದ ಕಂಡದ್ದೇ, ಆದರೆ ನೋಡಿದ್ದು ಅವತ್ತೇ.

ಮೂರನೆಯ ಪೋಸ್ಟರಿನಲ್ಲಿ ಯಾರೂ ಇರಲಿಲ್ಲ. ಸಂಜೆಗೆಂಪು, ಖಾಲಿ ನೆಲ, ಬುಡದಲ್ಲಿ ಉಳಿದುಹೋದ ಒಂದೇ ಜೊತೆ ಚಪ್ಪಲಿ. ಟಾಯರಿನ ಅಟ್ಟೆ, ಕಿತ್ತ ಉಂಗುಟದ ಬಾರಿಗೆ ಬಿಗಿದ ತಾಮ್ರದ ತಂತಿ. ಯಾರದೋ ಒಂದು ಜೊತೆ ಬರೆಯಲು ಕೂತವನ ಕೈ, ಮನೆಯ ಹೊಸ್ತಿಲಲ್ಲಿ ದಿನಾ ಕಾಣುವ ಜೊತೆಯನ್ನೇ ಬರೆದಿತ್ತು.

ಮರುದಿನ ಬೆಳಿಗ್ಗೆ ಅಂಟಿಸಿದ ಕೂಡಲೇ ಜನ ಸೇರಿದರು.

“ಯಾವನೋ ಬಿಟ್ಟು ಹೋಗ್ಯಾನ,” ಎಂದ ಸಾಯಬಣ್ಣ.

“ಚಪ್ಪಲಿ ಬಿಟ್ಟು ಯಾರರ ಮನೀಗೆ ಹೋಗತಾರೇನೋ?” ಎಂದಿತು ಹಿಂದಿನಿಂದ ಒಂದು ದನಿ.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಬಂಡೆಪ್ಪ ಮುಂದೆ ಬಂದ. ಪೋಸ್ಟರ್ ನೋಡಿದ, ತನ್ನ ಕಾಲು ನೋಡಿಕೊಂಡ, ಮಗನ ಮುಖ ನೋಡಿದ.

“ಇವು ನನ್ನವು.”

ಅಪ್ಪ ಕೈ ಎತ್ತಿದಾಗ ಹರಿದೇ ಹಾಕುತ್ತಾನೆ ಎಂದುಕೊಂಡ ಶೆಟ್ಟೆಪ್ಪ. ಬಂಡೆಪ್ಪ ಚಿತ್ರದ ತಂತಿಯ ಮೇಲೆ ಬೆರಳಾಡಿಸಿದ, ಅಷ್ಟೇ.

“ನಿಮ್ಮವ್ವಗ ತೋರಸಬ್ಯಾಡ,” ಎಂದು ತಿರುಗಿ ನಡೆದ.

ಮಧ್ಯಾಹ್ನ, ಪೋಸ್ಟರಿನ ಫಲ ನೋಡಲು ಬಂದ ಮೇಡಂ ಅವರನ್ನು ಶೆಟ್ಟೆಪ್ಪ ಅಂಧೇರಿ ಸ್ಟೇಷನ್ನಿನಿಂದ ಕರೆತಂದ. ಅಟ್ಟಣಿಗೆಯ ಬುಡ ಕಂಡವನೇ ಅಲ್ಲೇ ನಿಂತ. ದಿನಾ ಮೂವತ್ತು ಜೊತೆ ಇರುವಲ್ಲಿ ಒಂದೂ ಚಪ್ಪಲಿ ಇಲ್ಲ.

“ಇವತ್ತು ಕೆಲಸ ಇಲ್ಲವಾ?” ಎಂದರು ಮೇಡಂ.

ಅಪಶಕುನವೆಂದು ಎಲ್ಲರೂ ಮನೆಗೆ ಹೋಗಿಬಿಟ್ಟರೇ? ಅಷ್ಟರಲ್ಲಿ ಮೇಲಿನಿಂದ ಸುತ್ತಿಗೆಯ ಸದ್ದು ಕೇಳಿತು. ಶೆಟ್ಟೆಪ್ಪ ಗೋಡೆಯ ಮೊಳೆಗಳತ್ತ ನೋಡಿದ. ಬೋಳು ಮೊಳೆಗಳು. ತಲೆ ಎತ್ತಿದ. ಮಾಳಿಗೆ ಮಾಳಿಗೆಯಲ್ಲೂ ಜನ ಕೆಲಸ ಮಾಡುತ್ತಿದ್ದರು. ಎಲ್ಲರ ಸೊಂಟದಲ್ಲೂ ಹಗ್ಗ. ಹಗ್ಗದ ಗಂಟಿಗೆ ಕಟ್ಟಿದ ಚಪ್ಪಲಿಗಳು ತೊಡೆಗೆ ಬಡಿಯುತ್ತ ಓಲಾಡುತ್ತಿದ್ದವು. ಬುಡದಲ್ಲಿ ಚಪ್ಪಲಿ ಬಿಡುವ ಧೈರ್ಯ ಅವತ್ತು ಯಾರಿಗೂ ಇರಲಿಲ್ಲ.

“ಒಬ್ಬನಾದರೂ ಅಂದಿದ್ದೆ. ಇದು ಇಡೀ ಬಿಲ್ಡಿಂಗೇ ಕಟ್ಟಿಕೊಂಡಿದೆಯಲ್ಲ ಮಾರಾಯ!” ಮೇಡಂ ಅವನ ಬೆನ್ನಿಗೆ ಒಂದು ಗುದ್ದಿದರು. “ಪಾಸು! ಪಾಸು!”

ಶೆಟ್ಟೆಪ್ಪ ಮರಳಿನ ಗುಡ್ಡೆಯ ಮೇಲೆ ಹಾರಿ ನಿಂತು, ಎರಡೂ ಕೈ ಎತ್ತಿ ಹುಚ್ಚನಂತೆ ಕೂಗಿದ. ಐದನೆಯ ಮಾಳಿಗೆಯಿಂದ ಬಂಡೆಪ್ಪ ಬಗ್ಗಿ ನೋಡಿದ. ಸೊಂಟದ ಚಪ್ಪಲಿಯನ್ನು ತಟ್ಟಿ ತೋರಿಸಿದ. ತಾಮ್ರದ ತಂತಿ ಬಿಸಿಲಿಗೆ ಮಿಂಚಿತು.

“ನೋಡೋ ಮಗನ!” ಎಂದು ಕೂಗಿದ. “ಇನ್ನ ಮ್ಯಾಲ ಇವೂ ನನ್ನ ಕೂಡನ ಇಳೀತಾವ!”