ಬೇಸಗೆಯಲ್ಲಿ ಉಣ್ಣೆಯ ಕೋಟು

ಥಾಮ್ ಸೈಕಲ್‌ಗಾಡಿಯಿಂದ ಇಳಿಯುವಾಗ ಕೈ ಕೊಟ್ಟವನು ಅವಳ ಗಂಡನಲ್ಲ. ಗಂಡ ಲುವಾನ್ ರಸ್ತೆಯ ಈಚೆ, ಬಾಡಿಗೆ ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಫೋನ್ ಎತ್ತಿ ಫೋಟೋ ತೆಗೆದ.

ಹುಯೆ ಪಟ್ಟಣದ ಕೋಟೆಬಾಗಿಲ ಮುಂದೆ ಆಗಲೇ ಜನಜಂಗುಳಿ. ಬಿಸಿಲು ನೆತ್ತಿ ಸುಡುತ್ತಿತ್ತು. ಥಾಮ್ ಆ ಗಂಡಸಿನ ತೋಳಿಗೆ ತೋಳು ಸೇರಿಸಿ ನಿಂತಳು. ಲುವಾನ್ ಇನ್ನೊಂದು ತೆಗೆದ.

ಬೈಕು ಓಡಿಸುವ ಮುದುಕ ಬೋನ್ ಈ ಊರಿನಲ್ಲಿ ಬಾಡಿಗೆ ಓಡಿಸಿಯೇ ತಲೆ ನರೆಸಿಕೊಂಡವನು. ಇಂಥ ಗಿರಾಕಿಗಳನ್ನು ಅವನು ಬೇಕಾದಷ್ಟು ನೋಡಿದ್ದ. ಕನ್ನಡಿಯಲ್ಲೇ ಲುವಾನ್‌ನನ್ನು ನೋಡುತ್ತ ಕೇಳಿದ:

"ಹೆಂಡ್ತೀನಾ?"

"ಹೂಂ."

"ಎಷ್ಟು ದಿನದಿಂದ ನಡೀತಿದೆ ಇದು?"

"ಎರಡು ವರ್ಷ ಅಂತಾರೆ."

"ಅಂತಾರಾ? ಚೆನ್ನಾಗಿದೆ. ಅಷ್ಟು ದಿನ ನೀನೇನು ನಿದ್ದೆ ಮಾಡ್ತಿದ್ಯಾ?"

ಲುವಾನ್ ಫೋನಿನ ಪರದೆಯನ್ನು ಅಂಗಿಗೆ ಒರೆಸಿದ. ಮುದುಕನಿಗೆ ಪಾಪ ಅನ್ನಿಸಿರಬೇಕು, ದನಿ ತಗ್ಗಿಸಿದ. "ಫೋಟೋ ತೆಗೆದಿಟ್ಕೋ ತಮ್ಮಾ. ನಾಳೆ ಅಧಿಕಾರಿಗಳ ಮುಂದೆ ಬಾಯಿಮಾತು ನಡೆಯಲ್ಲ."

"ಅದಕ್ಕೇ ತೆಗೀತಿರೋದು ಅಣ್ಣ."

ಹತ್ತಿರ ಹೋಗಬಹುದಿತ್ತು. ಆದರೆ ತಾನು ಹತ್ತಿರವಿದ್ದರೆ ಥಾಮ್ ನಗುವುದಿಲ್ಲವೆಂಬುದು ಲುವಾನ್‌ಗೆ ಗೊತ್ತಿತ್ತು. ಈಚೆಗೆ ಅದೂ ಅಭ್ಯಾಸವಾಗಿಹೋಗಿತ್ತು.

ಕೋಟೆಯಿಂದ ಸೈಕಲ್‌ಗಾಡಿ ನದಿಯಂಚಿನ ಪಗೋಡಕ್ಕೆ ಹೋಯಿತು, ಬೈಕು ಅದರ ಹಿಂದೆ. ಅಲ್ಲಿ ಇಬ್ಬರೂ ಶೌಚಾಲಯದೊಳಕ್ಕೆ ಹೋಗಿ ಬೇರೆ ಬಟ್ಟೆಯಲ್ಲಿ ಹೊರಬಂದರು. ಥಾಮ್ ಮೈಮೇಲೆ ದಪ್ಪನೆಯ ಉಣ್ಣೆಯ ಕೋಟು, ಕುತ್ತಿಗೆಗೆ ಮಫ್ಲರ್.

ಬೋನ್ ಗೊಳ್ಳೆಂದು ನಕ್ಕ. "ಈ ಧಗೇಲಿ ಕೋಟಾ? ಗುರುತು ಸಿಗಬಾರ್ದು ಅಂತ ವೇಷ ಕಟ್ಟಿದ್ದಾಳೆ ನೋಡು."

"ಆ ಕೋಟು ನಾನೇ ಕೊಡ್ಸಿದ್ದು," ಎಂದ ಲುವಾನ್. "ಅವನು ಹಾಕ್ಕೊಂಡಿರೋ ನೀಲಿ ಅಂಗೀನೂ ನಂದೇ."

ಮುದುಕನ ನಗು ನಿಂತುಹೋಯಿತು. "ಮಾನಗೆಟ್ಟೋರು," ಎಂದು ಉಗುಳಿದ.

ಲುವಾನ್ ಬೈಕಿನಿಂದಿಳಿದು ಗೋಪುರದ ಕಡೆ ಫೋನ್ ಹಿಡಿದ. ಅಂಗಳದ ಗುಲ್‌ಮೊಹರ್ ಮೈತುಂಬ ಕೆಂಪಾಗಿ ಹೂಬಿಟ್ಟಿತ್ತು. ಆ ಹೂವು ಫೋಟೋದಲ್ಲಿ ಬೀಳದಂತೆ ಪಕ್ಕಕ್ಕೆ ಸರಿದು ನಿಂತ. ಅಷ್ಟರಲ್ಲಿ ಥಾಮ್ ಕತ್ತೆತ್ತಿ ನೇರ ಇತ್ತಲೇ ನೋಡಿದಳು. ಲುವಾನ್ ತಲೆ ಅಲ್ಲಾಡಿಸಿದ. ಅವಳು ಮುಖ ತಿರುಗಿಸಿ, ಪಕ್ಕದವನಿಗೆ ಇನ್ನೂ ಒತ್ತಿ ನಿಂತಳು.

"ಗಂಡ ನೋಡ್ತಿದ್ದಾನೆ ಅಂತ ಗೊತ್ತಿದ್ದೂ," ಎಂದ ಬೋನ್. ಹಣೆ ಚಚ್ಚಿಕೊಂಡ.

ಮಧ್ಯಾಹ್ನ ಅವರಿಬ್ಬರೂ ನೂಡಲ್ಸ್ ಅಂಗಡಿಯಲ್ಲಿ ಉಂಡರು. ಥಾಮ್ ತನ್ನ ಬಟ್ಟಲಿನ ಮೆಣಸಿನಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಆ ಗಂಡಸಿನ ಬಟ್ಟಲಿಗೆ ಹಾಕಿದಳು. ಮದುವೆಯಾದಾಗಿನಿಂದ ಲುವಾನ್‌ನ ಬಟ್ಟಲಿಗೆ ಬೀಳುತ್ತಿದ್ದ ಮೆಣಸಿನಕಾಯಿ ಅವು. ರಸ್ತೆಯಾಚೆ ಕೂತು ಲುವಾನ್ ಅದನ್ನೂ ತೆಗೆದ, ಫೋಟೋ ಮಸುಕಾಗಿ ಬಂತು. ಎರಡನೆಯ ಸಲ ತೆಗೆಯಬೇಕಾಯಿತು.

"ನಾನಾಗಿದ್ರೆ ಇಷ್ಟೊತ್ತಿಗೆ ಅವನ ಹಲ್ಲು ಉದುರಿಸ್ತಿದ್ದೆ," ಎಂದ ಬೋನ್.

"ಹಲ್ಲು ಉದುರಿದ್ರೆ ಎಲ್ಲಾ ಕೆಡುತ್ತೆ ಅಣ್ಣ. ಮಗಳಿದ್ದಾಳೆ."

ಬೋನ್ ಅವನ ಬೆರಳು ನೋಡಿದ. ಉಂಗುರವಿದ್ದ ಜಾಗ ಬೆಳ್ಳಗಿತ್ತು. "ಬಿಚ್ಚಿಟ್ಟಿದ್ದೀಯಾ? ಒಳ್ಳೇದು ಮಾಡ್ದೆ. ಅಂಥವಳಿಗೋಸ್ಕರ ಯಾಕೆ ಹಾಕ್ಕೋಬೇಕು."

ಲುವಾನ್ ಆ ಕೈಯನ್ನು ಜೇಬಿಗಿಳಿಸಿದ.

ಸಂಜೆ ಸೇತುವೆಯ ದೀಪಗಳು ಹತ್ತಿದವು. ಅವರಿಬ್ಬರೂ ನದಿಯ ಮೆಟ್ಟಿಲ ಮೇಲೆ ಕೂತು ತಾವರೆಬೀಜದ ಪಾಯಸ ಕುಡಿಯುತ್ತಿದ್ದರು. ಲುವಾನ್ ದಣಿದಿದ್ದ; ಫೋನ್ ಇನ್ನೂ ಎತ್ತಿರಲಿಲ್ಲ. ಆ ಗಂಡಸು ಅದೇನೋ ಹೇಳಿದ. ಥಾಮ್ ನಕ್ಕಳು. ತಡೆಯಲು ನೋಡಿ, ಆಗದೆ, ಬಾಯಿಗೆ ಕೈ ಅಡ್ಡ ಹಿಡಿದು ಅವನ ಭುಜಕ್ಕೆ ಹಣೆ ಆನಿಸಿದಳು. ಕೈಯಲ್ಲಿದ್ದ ಲೋಟ ತುಳುಕಿತು.

ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಅವಳು ನಗುತ್ತಿದ್ದುದು ಮನೆಯೊಳಗೆ, ಅವನೊಬ್ಬನ ಮುಂದೆ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ ಅವನಿಗೆ ನೆನಪಿರಲಿಲ್ಲ. ಫೋನ್ ಎತ್ತಿ ಒತ್ತಿದ. ಇವಳು ಇನ್ನು ತನ್ನವಳಲ್ಲ ಎಂದು ಆಗ ಖಚಿತವಾಗಿ ತಿಳಿಯಿತು.

ಅವನು ಬೈಕಿನಿಂದಿಳಿದ. ಬೋನ್ ಅಂಗಿ ಹಿಡಿದೆಳೆದ. "ದುಡುಕಬೇಡ ತಮ್ಮಾ. ಜೈಲಿಗೆ ಹೋಗೋನು ನೀನೇ ಆಗ್ತೀಯಾ."

ಲುವಾನ್ ಬಿಡಿಸಿಕೊಂಡು ಮೆಟ್ಟಿಲಿಳಿದ. ಅವನನ್ನು ಕಂಡದ್ದೇ ಥಾಮ್ ನಗು ಆರಿತು. ಆ ಗಂಡಸು ಎದ್ದು ನಿಂತ. ಲುವಾನ್ ಅವನ ಕೈ ಹಿಡಿದೆಳೆದ.

ಆ ಗಂಡಸಿನ ಬೆರಳಲ್ಲಿ ಲುವಾನ್‌ನ ಉಂಗುರ ಸಡಿಲವಾಗಿತ್ತು. ಬಿಗಿಯಾಗಲೆಂದು ಸುತ್ತಿದ್ದ ದಾರ ಬಿಚ್ಚಿಕೊಂಡಿತ್ತು. ಲುವಾನ್ ಅದನ್ನು ಮತ್ತೆ ಸುತ್ತಿ ಗಂಟು ಹಾಕಿದ.

"ವೀಸಾ ಸಾಹೇಬರ ಮುಂದೆ ಇದು ಜಾರಿ ಬಿದ್ರೆ ಮುಗೀತು, ವಿನ್ ಅವ್ರೇ."

"ಚಳಿಗಾಲದ ಫೋಟೋ ಸರಿಯಾಗಿ ಬಂತಾ?" ಎಂದು ಕೇಳಿದ ವಿನ್.

"ಬಂತು. ಎರಡು ವರ್ಷದ ಸಂಸಾರ ಅಂದ್ರೆ ನಂಬ್ತಾರೆ."

ಎಲ್ಲವೂ ಲುವಾನ್‌ನದೇ ಲೆಕ್ಕಾಚಾರ. ಕಾಗದದ ಮೇಲೆ ವಿಚ್ಛೇದನ, ಅಮೆರಿಕದಲ್ಲಿ ನೆಲೆಸಿರುವ ವಿನ್ ಜೊತೆ ಕಾಗದದ ಮದುವೆ. ಥಾಮ್ ಅಲ್ಲಿ ಬೇರೂರಿದ ಮೇಲೆ ಇವನನ್ನೂ ಮಗಳನ್ನೂ ಕರೆಸಿಕೊಳ್ಳುವುದು. ಎಲ್ಲಿ ಕೋಟು ಹಾಕಬೇಕು, ಎಲ್ಲಿ ತೋಳು ಹಿಡಿಯಬೇಕು, ಯಾರ ಬಟ್ಟಲಿಗೆ ಮೆಣಸಿನಕಾಯಿ ಹಾಕಬೇಕು, ಎಲ್ಲವನ್ನೂ ಅವನೇ ಕೂತು ಹೇಳಿಕೊಟ್ಟಿದ್ದ.

ಥಾಮ್ ಫೋನ್ ಇಸಕೊಂಡು ಕೊನೆಯ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಇದು ಚೆನ್ನಾಗಿ ಬಂದಿದೆ," ಎಂದಳು, ಲುವಾನ್‌ನ ಮುಖ ನೋಡದೆ.

ಆ ನಗುವೊಂದನ್ನು ಮಾತ್ರ ಲುವಾನ್ ಹೇಳಿಕೊಟ್ಟಿರಲಿಲ್ಲ.