ಕಾಸಗಲ ಕುಂಕುಮ

ಅಳಿದುಳಿದ ಮನುಷ್ಯರ ಲೆಕ್ಕ ಇಡುವುದು ಈಗ ಚಪ್ಪಟೆ ಮೈಯ ತೊರಕೆ ಮೀನುಗಳ ಕೆಲಸ. ಹಿಂದೆ ಹೊಟ್ಟೆಯ ಚುಕ್ಕಿ ನೋಡಿ ತೊರಕೆಗಳನ್ನು ಗುರುತಿಸಿ ಲೆಕ್ಕ ಇಡುತ್ತಿದ್ದ ಸುಗುಣ, ಈಗ ದಿನಾ ಬೆಳಿಗ್ಗೆ ದ್ವೀಪದ ಮೆಟ್ಟಿಲಿಳಿದು ತನ್ನ ಕೆನ್ನೆಯ ಮಚ್ಚೆ ತೋರಿಸುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ತೊರಕೆ; ಅವಳದು ಬಂದು ನೋಡಿ ಮುಳುಗುತ್ತದೆ.

ಇಂದು ಎರಡು ಬಂದವು. ಬಾಲ ತುಂಡಾದದ್ದು ಆಚೆ ದ್ವೀಪದ ವಾರಿಜಕ್ಕನ ತೊರಕೆ. "ನಂದು ಪೆದ್ದು ಮಾರಾಯ್ತಿ, ನನ್ನ ಕುಂಕುಮವನ್ನೇ ಹುಟ್ಟುಮಚ್ಚೆ ಅಂದ್ಕೊಂಡಿದೆ" ಎಂದು ಅವರು ಆಗಾಗ ವೈರ್‌ಲೆಸ್‌ನಲ್ಲಿ ನಗುತ್ತಿದ್ದರು.

ಸುಗುಣ ವೈರ್‌ಲೆಸ್ ಹಚ್ಚಿದಳು. "ವಾರಿಜಕ್ಕಾ, ಇದ್ದೀರಾ?"

ಬರೀ ಗರಗರ ಸದ್ದು. ಸುಗುಣಳ ತೊರಕೆ ನೋಡಿ ಮುಳುಗಿತು; ಬಾಲ ತುಂಡಾದದ್ದು ಹೋಗದೆ ಸುತ್ತುತ್ತಲೇ ಇತ್ತು.

ಅವಳು ಮನೆಗೆ ಹೋಗಿ ಹಣೆಗೆ ಕಾಸಗಲ ಕುಂಕುಮ ಇಟ್ಟು, ಮಚ್ಚೆಗೆ ಸೆರಗು ಮುಚ್ಚಿಕೊಂಡು ಬಂದಳು. ತೊರಕೆ ತುಂಬಾ ಹೊತ್ತು ನೋಡಿ ಮುಳುಗಿತು.

"ಅಕ್ಕಾ," ಎಂದಳು ಸುಗುಣ, ಗರಗುಟ್ಟುವ ವೈರ್‌ಲೆಸ್‌ಗೆ, "ಇವತ್ತಿನ ಲೆಕ್ಕದಲ್ಲೂ ನೀವು ಇದ್ದೀರಿ."